ಗಾಳಿಯೂ ಅನ್ನವೂ ಮೈಗೆ ಹತ್ತುವ ಬಗೆ

ಮೈಸೂರು ಪಟ್ಟಣದಲ್ಲಿ ಕುಂಬಾರಕೊಪ್ಪಲು ಎಂಬ ಭಾಗವುಂಟು. ಕೊಪ್ಪಲು ಎಂದರೆ ಸಣ್ಣ ಹಳ್ಳಿ. ಆದರೆ ಪಟ್ಟಣವೇ ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡು ಬಹುಕಾಲವಾಯಿತು. ಅಲ್ಲಿಯ ಒಂದು ಮನೆಯಲ್ಲಿ, ಹೆರಿಗೆಯಾಗಿ ಹನ್ನೆರಡು ದಿವಸವಾಗಿದ್ದ ಒಬ್ಬ ಹೆಣ್ಣುಮಗಳು ಒಂದು ಮುಂಜಾನೆ ಮಂಚದಿಂದೆದ್ದು ಬಾಗಿಲ ತನಕ ಬರುವಷ್ಟರಲ್ಲಿ ಕುಸಿದು ಬಿದ್ದಳು. ತಲೆ ಸಿಡಿಯುತ್ತದೆ ಎಂದಳು, ಒಂದೆರಡು ಸಾರಿ ವಾಂತಿ ಮಾಡಿಕೊಂಡಳು, ಮಾತು ತೊದಲಿತು. ಕೂಗು ಕೇಳಿ ಓಡಿಹೋದವರಲ್ಲಿ ನಾನೂ ಒಬ್ಬನು. ಮನೆಯ ಹಿರಿಯರಾದ ಅಜ್ಜಿಯವರು, "ಅಯ್ಯನವರೇ, ಬಾಣಂತಿಗೆ ಗಾಳಿ ಸೋಕಿದೆ. ನಾನು ಎಷ್ಟು ಜೋಪಾನ ಮಾಡಿದರೂ ಯಾವ ಸಂದಿಯಿಂದ ನುಗ್ಗಿತೋ ಕಾಣೆ" ಎಂದು ಅತ್ತರು.

ಕೋಣೆಯನ್ನು ನೋಡಿದೆನು. ಅದಕ್ಕೆ ಇದ್ದದ್ದು ಒಂದೇ ಕಿಟಕಿ. ಅದರ ಸಂದುಗಳಿಗೆಲ್ಲ ಹಳೆಯ ಸೀರೆಯ ಚೂರುಗಳನ್ನು ತುರುಕಿದ್ದರು. ಮಂಚದ ಕೆಳಗೆ ರಾತ್ರಿಯೆಲ್ಲ ಕಾದ ಇದ್ದಲಿನ ಅಗ್ಗಿಷ್ಟಿಕೆಯು ಇನ್ನೂ ಕೆಂಪಗಿತ್ತು. ಹೊಗೆಯೇನೂ ಕಾಣಲಿಲ್ಲ. ನೆರೆಮನೆಯ ಆಶಾ ಕಾರ್ಯಕರ್ತೆಯು ಯಾರ ಅಪ್ಪಣೆಯನ್ನೂ ಕೇಳದೆ ಕಿಟಕಿಯನ್ನು ತೆರೆದು, ತಾಯಿಯನ್ನೂ ಕೂಸನ್ನೂ ಅಂಗಳಕ್ಕೆ ಎತ್ತಿಸಿ, ಆಂಬುಲೆನ್ಸಿಗೆ ಹೇಳಿ ಕಳುಹಿಸಿದಳು. ಅಜ್ಜಿಯವರು ಹೇಳಿದ ಮಾತಿನಲ್ಲಿ ಅರ್ಧ ಸತ್ಯವಿತ್ತು. ರೋಗ ಗಾಳಿಯದೇ; ಆದರೆ ಗಾಳಿ ಸೋಕಿದ್ದರಿಂದ ಬಂದದ್ದಲ್ಲ, ಸೋಕದೆ ಹೋದದ್ದರಿಂದ ಬಂದದ್ದು.

ಆಸ್ಪತ್ರೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಆ ತಾಯಿಯ ರಕ್ತದಲ್ಲಿ ಹನ್ನೆರಡಾದರೂ ಇರತಕ್ಕ ಒಂದು ಅಳತೆ ಏಳೂವರೆಗೆ ಇಳಿದಿತ್ತು. ಅದನ್ನು ಕೇಳಿ ಅಜ್ಜಿಯವರಿಗೆ ಕೋಪವೇ ಬಂತು. "ಹಾಲು, ತುಪ್ಪ, ಬಿಸಿ ಅನ್ನ, ಯಾವದಕ್ಕೆ ಕಡಿಮೆ ಮಾಡಿದೆವು? ತಿಂದದ್ದು ಇವಳ ಮೈಗೆ ಹತ್ತುವದಿಲ್ಲ, ಅಷ್ಟೇ" ಎಂದರು. ಪ್ರಿಯ ಓದುಗರೇ, ಈ ಮಾತನ್ನು ನಾವೆಲ್ಲರೂ ನೂರು ಸಾರಿ ಕೇಳಿದ್ದೇವೆ, ಆಡಿಯೂ ಇದ್ದೇವೆ. ಮೈಗೆ ಹತ್ತುವದು ಎಂದರೇನು? ಎಲ್ಲಿ ಹತ್ತುತ್ತದೆ? ಯಾಕೆ ಕೆಲವರಿಗೆ ಹತ್ತದೆ ಹೋಗುತ್ತದೆ? ಇದನ್ನೇ ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಒಂದು ತಪ್ಪೆಣಿಕೆಯನ್ನು ಬಿಡಬೇಕು. ತುತ್ತು ಗಂಟಲಿನಿಂದ ಕೆಳಗಿಳಿದ ಕೂಡಲೇ ಅದು ಮೈಯೊಳಗೆ ಸೇರಿತೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಬಾಯಿಯಿಂದ ಗುದದ ವರೆಗೆ ಒಂದೇ ಕೊಳವೆ ಹಾದುಹೋಗುತ್ತದೆ. ಬಳೆಯೊಳಗೆ ತೂರಿಸಿದ ಬೆರಳು ಹೇಗೆ ಬಳೆಯ ಲೋಹದೊಳಗೆ ಇರುವದಿಲ್ಲವೋ, ಹಾಗೆಯೇ ಹೊಟ್ಟೆಯಲ್ಲಿರುವ ಅನ್ನವು ಇನ್ನೂ ಮೈಯ ಹೊರಗೇ ಇದೆ. ಎದೆಗೆ ಎಳೆದುಕೊಂಡ ಗಾಳಿಯೂ ಹಾಗೆಯೇ. ಇವೆರಡೂ ಒಂದೊಂದು ತೆಳುವಾದ ತೇವದ ಗೋಡೆಯನ್ನು ದಾಟಿ ರಕ್ತವನ್ನು ಸೇರಿದ ಮೇಲೆಯೇ ನಮ್ಮವು ಎನ್ನಿಸಿಕೊಳ್ಳುತ್ತವೆ. ಗಾಳಿಯ ಗೋಡೆ ಶ್ವಾಸಕೋಶದಲ್ಲಿ ಉಂಟು, ಅನ್ನದ ಗೋಡೆ ಸಣ್ಣ ಕರುಳಿನಲ್ಲಿ ಉಂಟು.

ಗೋಡೆಯಾಗಿದ್ದೂ ಒಳಗೆ ಬಿಡುವದು ಹೇಗೆ ಎಂದು ಕೇಳುವಿರೋ? ಕುಂಬಾರನ ಮಡಕೆಯನ್ನು ನೋಡಿರಿ. ಬೇಸಿಗೆಯಲ್ಲಿ ಹೊಸ ಮಡಕೆಗೆ ನೀರು ತುಂಬಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅದರ ಹೊರಮೈ ಒದ್ದೆಯಾಗುತ್ತದೆ. ಎಲ್ಲಿಯೂ ತೂತಿಲ್ಲ, ಆದರೂ ನೀರು ಜಿನುಗಿತು. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಂದುಗಳಿರುವದೇ ಇದಕ್ಕೆ ಕಾರಣ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಯಾಕಂದರೆ ನಮ್ಮೊಳಗಿನ ಗೋಡೆಯು ಸತ್ತ ಮಣ್ಣಲ್ಲ, ಜೀವವುಳ್ಳದ್ದು. ಅದು ಗಾಳಿಯನ್ನು ಸುಮ್ಮನೆ ಹಾಯಗೊಡುತ್ತದೆ, ಅನ್ನದ ಸಾರವನ್ನಾದರೋ ಆರಿಸಿ ಆರಿಸಿ ತೆಗೆದುಕೊಳ್ಳುತ್ತದೆ. ಆದರೆ ಮಡಕೆಯ ಒಂದು ಗುಣ ಎರಡಕ್ಕೂ ಒಪ್ಪುತ್ತದೆ: ಗೋಡೆ ತೆಳುವಾಗಿಯೂ ಅಗಲವಾಗಿಯೂ ಇದ್ದಷ್ಟು ದಾಟುವದು ಸುಲಭ.

ಈಗ ಗಾಳಿಯ ದಾರಿಯನ್ನು ಹಿಡಿಯೋಣ. ನಾವು ಎಳೆದುಕೊಳ್ಳುವ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲು ಮಾತ್ರ ಆಮ್ಲಜನಕವೆಂಬ ಪ್ರಾಣವಾಯು. ಹೊರಗೆ ಬಿಡುವ ಉಸಿರಿನಲ್ಲಿ ಅದು ಸುಮಾರು 16 ಪಾಲಿಗೆ ಇಳಿದಿರುತ್ತದೆ. ಸುಮ್ಮನೆ ಕುಳಿತಿರುವವನು ಒಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿಯನ್ನು ಎಳೆಯುತ್ತಾನೆ. ಅದು ಗಂಟಲಿನ ಕೊಳವೆಯಿಂದ ಇಳಿದು, ತಲೆಕೆಳಗಾಗಿ ನಿಲ್ಲಿಸಿದ ಮರದ ಕೊಂಬೆರೆಂಬೆಗಳಂತೆ ಕವಲೊಡೆಯುತ್ತಾ, ಕಡೆಯಲ್ಲಿ ವಾಯುಕೋಶಗಳೆಂಬ ಸಣ್ಣ ಗೂಡುಗಳಿಗೆ ಸೇರುತ್ತದೆ. ಎರಡು ಶ್ವಾಸಕೋಶಗಳಲ್ಲಿಯೂ ಕೂಡಿ ಇಂಥ ಗೂಡುಗಳು 30ರಿಂದ 48 ಕೋಟಿಯಷ್ಟು ಉಂಟು. ಇವನ್ನೆಲ್ಲ ಬಿಚ್ಚಿ ಹಾಸುವದಾದರೆ ಸುಮಾರು 70 ಚದರ ಮೀಟರ್ ಆಗುವದು. ಅಂದರೆ ಮೂವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಕಣದಷ್ಟು. ಅಷ್ಟು ದೊಡ್ಡ ಕಣವು ಎರಡು ಬೊಗಸೆಯಷ್ಟು ಎದೆಗೂಡಿನಲ್ಲಿ ಮಡಿಚಿ ಕುಳಿತಿದೆ! ಗೋಡೆಯ ದಪ್ಪವೋ, ಒಂದು ಮಿಲಿಮೀಟರಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು. ಅದರ ಆಚೆಯಲ್ಲಿ ಕೂದಲಿಗಿಂತ ಸಣ್ಣದಾದ ರಕ್ತನಾಳಗಳ ಬಲೆ ಹೆಣೆದಿದೆ.

ಸಾಂಬ್ರಾಣಿಯ ಕಂಪು ಹೇಗೆ ಯಾರೂ ದೂಡದೆಯೇ ಒಳಮನೆಯಿಂದ ನಡುಮನೆಗೆ ಹಬ್ಬುವದೋ ಹಾಗೆಯೇ ಪ್ರಾಣವಾಯುವು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಗೂಡಿನಿಂದ ರಕ್ತಕ್ಕೆ, ತಾನಾಗಿ ಹಾಯುತ್ತದೆ. ಮೈಯಲ್ಲಿ ಹುಟ್ಟಿದ ಇಂಗಾಲದ ಕೆಟ್ಟ ವಾಯುವು ಅದೇ ಗೋಡೆಯನ್ನು ಎದುರು ದಿಕ್ಕಿನಲ್ಲಿ ದಾಟಿ ಹೊರಗೆ ಬರುತ್ತದೆ. ರಕ್ತವು ಆ ಬಲೆಯಲ್ಲಿ ನಿಲ್ಲುವ ಹೊತ್ತು ಒಂದು ಸೆಕೆಂಡಿನ ಮುಕ್ಕಾಲು ಪಾಲು. ಆರೋಗ್ಯವಂತನಲ್ಲಿ ಅದರ ಮೂರನೆಯ ಒಂದು ಪಾಲಿನಲ್ಲಿಯೇ ಕೊಡುಕೊಳೆಯು ಮುಗಿದುಹೋಗುತ್ತದೆ.

ಆದರೆ ದಾಟಿದರೆ ಸಾಲದು, ಹೊತ್ತುಕೊಂಡು ಹೋಗುವವರು ಬೇಕು. ನೀರಿನಂಥ ಬರೀ ದ್ರವದಲ್ಲಿ ಪ್ರಾಣವಾಯು ಹೆಚ್ಚು ಕರಗುವದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಹಾಗೆ ಕರಗುವದು 0.3 ಮಿಲಿಲೀಟರ್ ಮಾತ್ರ. ಆದಾಗ್ಯೂ ಅದೇ ರಕ್ತವು ಸುಮಾರು 20 ಮಿಲಿಲೀಟರನ್ನು ಹೊರುತ್ತದೆ. ಹೇಗಂದರೆ, ಕೆಂಪು ರಕ್ತಕಣಗಳಲ್ಲಿ ಹೀಮೋಗ್ಲೋಬಿನ್ ಎಂಬ ದ್ರವ್ಯವುಂಟು. ಅದರ ಒಂದೊಂದು ಅಣುವಿನಲ್ಲಿಯೂ ಕಬ್ಬಿಣದ ನಾಲ್ಕು ಪರಮಾಣುಗಳುಂಟು. ಒಂದೊಂದು ಕಬ್ಬಿಣವೂ ಒಂದೊಂದು ಆಮ್ಲಜನಕವನ್ನು ಹಿಡಿದುಕೊಂಡು ಹೋಗಿ, ಬೇಕಾದ ಕಡೆಯಲ್ಲಿ ಬಿಟ್ಟುಕೊಡುತ್ತದೆ. ದೊಡ್ಡವನ ಮೈಯಲ್ಲಿರುವ ಕಬ್ಬಿಣವನ್ನೆಲ್ಲ ಕೂಡಿಸಿದರೆ 3–4 ಗ್ರಾಂ, ಒಂದು ಸಣ್ಣ ಮೊಳೆಯ ತೂಕ. ಆ ಮೊಳೆಯ ಮೇಲೆ ನಮ್ಮ ಪ್ರಾಣವು ತೂಗಾಡುತ್ತಿದೆ ಎಂದರೆ ಹೆಚ್ಚಿನ ಮಾತಲ್ಲ. ಆಸ್ಪತ್ರೆಯವರು ಏಳೂವರೆ ಎಂದದ್ದು ಈ ಹೀಮೋಗ್ಲೋಬಿನ್ನಿನ ಅಳತೆಯೇ, 100 ಮಿಲಿಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಎಂದು. ಬಸುರಿಯಲ್ಲದ ಹೆಂಗಸಿಗೆ 12, ಬಸುರಿಗೆ 11, ಗಂಡಸಿಗೆ 13. ಇವಕ್ಕಿಂತ ಕೆಳಗಿಳಿದರೆ ರಕ್ತಹೀನತೆಯೆಂದು ವೈದ್ಯರು ಎಣಿಸುತ್ತಾರೆ. ಏಳೂವರೆ ಉಳ್ಳ ಆ ತಾಯಿಯ ರಕ್ತವು 20ಕ್ಕೆ ಬದಲಾಗಿ 10 ಮಿಲಿಲೀಟರ್ ಮಾತ್ರ ಹೊರುತ್ತಿತ್ತು. ಶ್ವಾಸಕೋಶ ನೆಟ್ಟಗಿದ್ದರೂ ಹೊರುವ ಆಳುಗಳು ಅರ್ಧಕ್ಕೆ ಇಳಿದಿದ್ದರು.

ಅಂಥವಳ ಮಂಚದ ಕೆಳಗೆ ಇದ್ದಲು! ಬಯಲಿನಲ್ಲಿ ಬೇಯುವ ಕುಂಬಾರರ ಆವಿಗೆಯಲ್ಲಿ ಹೊಗೆ ಏಳುವದನ್ನು ಕಾಣುತ್ತೇವೆ, ಕಣ್ಣು ಉರಿಯುತ್ತದೆ, ದೂರ ಸರಿಯುತ್ತೇವೆ. ಇದ್ದಲಿನ ಮೋಸವು ಅದರ ಹೊಗೆಯಿಲ್ಲದ ಕೆಂಪಿನಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಾಯುವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸದು. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿತದಿಂದ ಹೀಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಬಂಡಿಯಲ್ಲಿ ಮೊದಲೇ ಬೇರೆಯವರು ಕುಳಿತು ಇಳಿಯದೆ ಹೋದರೆ ಪ್ರಯಾಣಿಕನು ನಿಲ್ದಾಣದಲ್ಲಿಯೇ ಉಳಿಯುವನಲ್ಲವೇ? ಹಾಗೆಯೇ ಪ್ರಾಣವಾಯು ಗೂಡಿನಲ್ಲಿದ್ದರೂ ರಕ್ತಕ್ಕೆ ಏರಲಾರದು. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಕು, ನಿದ್ರೆ. ಆ ನಿದ್ರೆಯಿಂದ ಏಳದವರೂ ಉಂಟು. ಕೂಸಿಗೆ ಅಪಾಯವು ಇನ್ನೂ ಹೆಚ್ಚು, ಯಾಕಂದರೆ ಅದರ ಉಸಿರು ನಮ್ಮ ಉಸಿರಿಗಿಂತ ಬೇಗ ಬೇಗ ಆಡುತ್ತದೆ.

ಇನ್ನೊಂದು ಮಾತು. ಆ ದಿವಸ ಬೆರಳಿಗೆ ಸಿಕ್ಕಿಸುವ ಅಳತೆಯ ಯಂತ್ರವು ಬಾಣಂತಿಯ ರಕ್ತದಲ್ಲಿ ಆಮ್ಲಜನಕವು 98 ಎಂದು ತೋರಿಸಿತು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಯಂತ್ರವದು. ಅದನ್ನು ನೋಡಿ ಅವಳ ಗಂಡನು, "ಎಲ್ಲಾ ಸರಿಯಾಗಿದೆ, ಮನೆಗೆ ಹೋಗೋಣ" ಎಂದನು. ವೈದ್ಯರು ಬಿಡಲಿಲ್ಲ. ಆ ಯಂತ್ರವು ರಕ್ತದ ಬಣ್ಣದಿಂದ ತಿಳಿಯುವಂಥದ್ದು. ಇದ್ದಲಿನ ವಿಷವು ಕುಳಿತ ಹೀಮೋಗ್ಲೋಬಿನ್ನನ್ನು ಅದು ಪ್ರಾಣವಾಯು ಕುಳಿತದ್ದೆಂದೇ ಎಣಿಸಿ ಮೋಸಹೋಗುತ್ತದೆ. ಬರೀ ಗಾಳಿಯಲ್ಲಿ ಆ ವಿಷವು ಅರ್ಧಕ್ಕೆ ಇಳಿಯುವದಕ್ಕೆ ನಾಲ್ಕೈದು ಗಂಟೆ ಬೇಕು. ಮೂತಿಗೆ ಕಟ್ಟುವ ಚೀಲದಿಂದ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಹಾಗೆಯೇ ಮಾಡಿದರು.

ಬಾಣಂತಿಯನ್ನು ಬೆಚ್ಚಗಿಡುವದು ತಪ್ಪೆಂದು ಯಾರೂ ಹೇಳುವದಿಲ್ಲ. ಬೆಚ್ಚನೆಯ ಬಟ್ಟೆ, ತಲೆಗೆ ಕುಲಾವಿ, ಕೂಸನ್ನು ತಾಯಿಯ ಎದೆಗೆ ಅವಚಿಕೊಂಡು ಮೇಲೆ ಹೊದಿಸುವದು, ಇವು ಕೆಂಡದಷ್ಟೇ ಬೆಚ್ಚಗೆ ಮಾಡುತ್ತವೆ. ಕೆಂಡವು ಬೇಕೇಬೇಕೆಂದರೆ ಅದು ಹೊರಗಿನ ಜಗಲಿಯಲ್ಲಿರಲಿ. ಅದರಿಂದ ಬಟ್ಟೆಯನ್ನು ಕಾಸಿ ಒಳಗೆ ತರಬಹುದು.

ಗಾಳಿಯ ವಿಷಯದಲ್ಲಿ ನಮಗಿರುವ ದೊಡ್ಡ ಬಡತನವನ್ನು ಇಲ್ಲಿ ಹೇಳಬೇಕು. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಸಿ, ಮಳೆಯಿಲ್ಲದ ವರ್ಷಕ್ಕೆಂದು ಮಣ್ಣು ಮುಚ್ಚಿಡುತ್ತಿದ್ದರು. ಅನ್ನಕ್ಕೆ ಮೈಯಲ್ಲಿಯೂ ಅಂಥ ಹಗೇವು ಉಂಟು; ಕೊಬ್ಬಾಗಿಯೂ ಯಕೃತ್ತಿನ ಸಕ್ಕರೆಯಾಗಿಯೂ ಕೂಡಿಟ್ಟದ್ದರಿಂದ ಮನುಷ್ಯನು ನೀರು ಕುಡಿಯುತ್ತಾ ವಾರಗಟ್ಟಲೆ ಬದುಕಬಲ್ಲನು. ಪ್ರಾಣವಾಯುವಿಗೆ ಹಗೇವಿಲ್ಲ. ಮೈಯಲ್ಲಿ ಎಲ್ಲಾ ಕಡೆಯೂ ಸೇರಿ ಇರುವದು ಒಂದೂವರೆ ಲೀಟರಿನಷ್ಟು; ಸುಮ್ಮನೆ ಮಲಗಿದವನಿಗೂ ನಿಮಿಷಕ್ಕೆ ಕಾಲು ಲೀಟರ್ ಬೇಕು. ಲೆಕ್ಕವನ್ನು ನೀವೇ ಮಾಡಿರಿ. 2021ರ ಮೇ ತಿಂಗಳ ಆರಂಭದಲ್ಲಿ ನಮ್ಮ ನೆರೆಯ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ ಅನೇಕರು ಪ್ರಾಣಬಿಟ್ಟದ್ದು ಈ ಪ್ರಾಂತದವರಿಗೆ ಇನ್ನೂ ಮರೆತಿಲ್ಲ. ನಾಳೆ ಬರುವ ಸಿಲಿಂಡರು ಈ ರಾತ್ರಿಯ ಉಸಿರಿಗೆ ಆಗುವದಿಲ್ಲ.

ಗೋಡೆಯೇ ಹಾಳಾದರೆ ಏನಾಗುವದೆಂಬದಕ್ಕೆ ಮೈಸೂರಿನಲ್ಲಿಯೇ ಒಂದು ಸಾಕ್ಷಿಯುಂಟು. ಕುಂಬಾರಕೊಪ್ಪಲಿಗೆ ದೂರವಲ್ಲದ ಕೃಷ್ಣರಾಜಸಾಗರದ ರಸ್ತೆಯಲ್ಲಿ ಕ್ಷಯರೋಗಿಗಳ ಆಸ್ಪತ್ರೆಯನ್ನು ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾದ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗವು ಬಿಡಲಿಲ್ಲ. ಅವರ ನೆನಪಿಗಾಗಿ ಆ ಆಸ್ಪತ್ರೆಯು 1921ರಲ್ಲಿ ಏರ್ಪಟ್ಟಿತು. ಅರಮನೆಯ ಹಾಲುತುಪ್ಪವು ತಡೆಯಲಾರದ ರೋಗವದು. ಕ್ಷಯದ ಕ್ರಿಮಿಯು ವಾಯುಕೋಶಗಳ ತೆಳು ಗೋಡೆಗಳನ್ನು ತಿಂದು, ಸಾವಿರಾರು ಗೂಡುಗಳಿದ್ದ ಕಡೆ ಒಂದೇ ಪೊಳ್ಳನ್ನು ಮಾಡಿಬಿಡುತ್ತದೆ. ನೂರು ಸಣ್ಣ ಗೂಡುಗಳನ್ನು ಒಡೆದು ಒಂದು ದೊಡ್ಡ ಕೋಣೆಯನ್ನು ಮಾಡಿದರೆ ಗೋಡೆಯ ಅಳತೆಯೇ ಕಡಿಮೆಯಾಯಿತಲ್ಲವೋ? ಹಾಗೆ ಹೋದ ಗೋಡೆಯು ತಿರಿಗಿ ಬಾರದು. ಮದ್ದಿಲ್ಲದ ಆ ಕಾಲದಲ್ಲಿ ತೆರೆದ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ ಇಷ್ಟೇ ಚಿಕಿತ್ಸೆಯಾಗಿತ್ತು. ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧವನ್ನು ಸರಕಾರದ ಆಸ್ಪತ್ರೆಗಳಲ್ಲಿ ಕ್ರಯವಿಲ್ಲದೆ ಕೊಡುತ್ತಾರೆ. ಎರಡು ವಾರ ಮೀರಿದ ಕೆಮ್ಮನ್ನು ಕಷಾಯದ ಮೇಲೆ ಬಿಟ್ಟು ತಿಂಗಳುಗಟ್ಟಲೆ ಕುಳಿತುಕೊಳ್ಳುವವರನ್ನು ಕಂಡರೆ ನನಗೆ ವ್ಯಸನವಾಗುತ್ತದೆ.

ಕೃಷ್ಣಾಜಮ್ಮಣ್ಣಿಯವರ ಸಹೋದರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆಯೂ ಮೈಸೂರಿನಲ್ಲಿಯೇ ಇದೆ. ಚೆಲುವಾಂಬ ವಿಲಾಸವೆಂಬ ಆ ಕಟ್ಟಡದಲ್ಲಿ 1950ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ತೆರೆಯಿತು. ಒಬ್ಬ ಅಕ್ಕತಂಗಿಯ ಹೆಸರು ಉಸಿರಿನ ಕೂಡ, ಇನ್ನೊಬ್ಬರ ಮನೆ ಅನ್ನದ ಕೂಡ ಕೂಡಿಕೊಂಡದ್ದು ನಮ್ಮ ಪಾಠಕ್ಕೆ ಅನುಕೂಲವೇ ಆಯಿತು. ಇನ್ನು ಅನ್ನದ ದಾರಿಗೆ ಬರೋಣ.

ಅನ್ನವು ಗಾಳಿಯಂತೆ ಸುಮ್ಮನೆ ದಾಟಲಾರದು. ಮೊದಲು ಅದನ್ನು ಒಡೆಯಬೇಕು. ಹಲ್ಲು ಅಗಿಯುತ್ತದೆ, ಬಾಯಿಯ ಜೊಲ್ಲು ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಮಾಡಲಾರಂಭಿಸುತ್ತದೆ. ನಮ್ಮ ಸೀಮೆಯ ಮುದ್ದೆಯ ಸಂಗತಿ ಬೇರೆ. ಅದನ್ನು ಅಗಿಯುವವನನ್ನು ನೋಡಿ ಹಳ್ಳಿಯವರು ನಗುತ್ತಾರೆ. ಸಾರಿನಲ್ಲಿ ಅದ್ದಿ ನುಂಗತಕ್ಕದ್ದೇ ಅದರ ಮರ್ಯಾದೆ. ಹಾಗಾದರೆ ಜೊಲ್ಲಿನ ಕೆಲಸ ತಪ್ಪಿತಲ್ಲಾ, ಮುದ್ದೆ ಅರಗುವದು ಹೇಗೆ? ಹಿಟ್ಟು ಮೊದಲೇ ನುಣ್ಣಗೆ ಬೀಸಿ ಬೆಂದಿದೆ. ಹೊಟ್ಟೆಯ ಹುಳಿ ರಸದಲ್ಲಿ ಕದಡಿ ಸಣ್ಣ ಕರುಳಿಗೆ ಇಳಿದ ಮೇಲೆ ಮೇದೋಜೀರಕವೆಂಬ ಗ್ರಂಥಿಯ ರಸವು ಜೊಲ್ಲಿನ ಕೆಲಸವನ್ನು ಪೂರ್ತಿಯಾಗಿ ಮಾಡಬಲ್ಲದು. ಆದಕಾರಣ ಮುದ್ದೆ ನುಂಗುವವರು ಚಿಂತಿಸಬೇಕಾಗಿಲ್ಲ. ಬೇಳೆಕಾಳು, ಮಾಂಸಗಳ ಸತ್ವವು ಅಲ್ಲಿಯೇ ಚೂರಾಗುತ್ತದೆ. ಎಣ್ಣೆತುಪ್ಪವನ್ನು ಪಿತ್ತರಸವು ಸಣ್ಣ ಸಣ್ಣ ಹನಿಗಳಾಗಿ ಕದಡುತ್ತದೆ.

ಸಣ್ಣ ಕರುಳು ಸುಮಾರು ಇಪ್ಪತ್ತು ಅಡಿ ಉದ್ದದ್ದು. ಅದರ ಒಳಮೈ ನುಣುಪಾಗಿಲ್ಲ. ಮಡಿಕೆಗಳ ಮೇಲೆ ಮಖಮಲ್ಲಿನ ಎಳೆಗಳಂತೆ ಲಕ್ಷಾಂತರ ಕುಚ್ಚುಗಳು ಎದ್ದು ನಿಂತಿವೆ, ಒಂದೊಂದೂ ಒಂದು ಮಿಲಿಮೀಟರಿಗಿಂತ ಹೆಚ್ಚು ಎತ್ತರವಿಲ್ಲ. ಇವನ್ನೆಲ್ಲ ಹಾಸಿದರೆ ಟೆನ್ನಿಸ್ ಆಡುವ ಬಯಲಿನಷ್ಟಾಗುವದೆಂದು ಪುಸ್ತಕಗಳು ಬಹುಕಾಲ ಹೇಳುತ್ತಾ ಬಂದವು. 2014ರಲ್ಲಿ ಸ್ವೀಡನ್ ದೇಶದವರು ಸರಿಯಾಗಿ ಅಳೆದು, ಅನ್ನದ ಕೊಳವೆಯೆಲ್ಲಾ ಸೇರಿ ಸುಮಾರು 32 ಚದರ ಮೀಟರ್ ಮಾತ್ರ ಎಂದರು. ಅದೇನೂ ಸಣ್ಣದಲ್ಲ. ಈ ಕುಚ್ಚುಗಳ ಮೇಲಣ ಜೀವಕಣಗಳು ಮೂರರಿಂದ ಐದು ದಿವಸಗಳಲ್ಲಿ ಉದುರಿ ಹೊಸವು ಬರುತ್ತವೆ. ಒಂದೊಂದು ಕುಚ್ಚಿನೊಳಗೂ ರಕ್ತದ ಬಲೆಯುಂಟು. ಸಕ್ಕರೆಯೂ ಬೇಳೆಯ ಸತ್ವವೂ ಆ ರಕ್ತವನ್ನು ಸೇರಿ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಲೆಕ್ಕ ಒಪ್ಪಿಸುತ್ತವೆ. ತುಪ್ಪದ ಅಂಶವು ಬೇರೊಂದು ಬಿಳಿ ನಾಳವನ್ನು ಹಿಡಿದು ಕುತ್ತಿಗೆಯ ಬಳಿಯಲ್ಲಿ ರಕ್ತವನ್ನು ಕೂಡುತ್ತದೆ.

ಈ ಗೋಡೆಯ ಒಂದು ಬಾಗಿಲನ್ನು ಪ್ರತಿ ತಾಯಿಯೂ ತಿಳಿದಿರಬೇಕು. ಸಕ್ಕರೆಯು ಕರುಳಿನಿಂದ ಒಳಗೆ ಬರುವದಕ್ಕೆ ಉಪ್ಪಿನ ಜೊತೆ ಬೇಕು; ಒಂದು ಬಾಗಿಲಿನಲ್ಲಿ ಇಬ್ಬರೂ ಕೈಹಿಡಿದು ಒಳಗೆ ಬರುತ್ತಾರೆ, ಅವರ ಹಿಂದೆ ನೀರೂ ಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ಇದನ್ನು ಹೊರಗೆಡಹಿದನು. ವಾಂತಿಭೇದಿಯಲ್ಲಿ ಕರುಳಿನಿಂದ ನೀರು ಸುರಿದುಹೋಗುತ್ತಿದ್ದರೂ ಈ ಬಾಗಿಲು ಮುಚ್ಚುವದಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರ ಶಿಬಿರದಲ್ಲಿ, ಬಂಗಾಳದ ಬನಗಾಂವ್ ಎಂಬ ಊರಿನಲ್ಲಿ, ಕಾಲರಾ ಹರಡಿತು. ನಾಳಕ್ಕೆ ಏರಿಸುವ ನೀರು ತೀರಿಹೋಯಿತು. ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬವರು ಉಪ್ಪು ಸಕ್ಕರೆಗಳನ್ನು ಬೆರಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಕಡೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದ ಕಡೆ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ಅಂಗಡಿಯ ಪೊಟ್ಟಣ ಸಿಕ್ಕದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೆಚ್ಚು ಉಪ್ಪು ಹಾಕಿದರೆ ಕೂಸಿಗೆ ಕೆಡುಕು. ಆದದರಿಂದ ಚಮಚವನ್ನು ಬೆರಳಿನಿಂದ ಮಟ್ಟಮಾಡಿಯೇ ಹಾಕಿರಿ. ಭೇದಿಯಾಗುವಾಗ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಕೂಸನ್ನು ಒಣಗಿಸುವ ಅಭ್ಯಾಸವು ಈಗಲೂ ಕೆಲವು ಮನೆಗಳಲ್ಲಿ ಉಂಟು. ಎದೆಹಾಲನ್ನಂತೂ ನಿಲ್ಲಿಸಲೇಬಾರದು.

ಈಗ ಅಜ್ಜಿಯವರ ಪ್ರಶ್ನೆಗೆ ಬರುತ್ತೇನೆ. ತಿಂದರೂ ಯಾಕೆ ಹತ್ತಲಿಲ್ಲ? ಅವರು ಕೊಟ್ಟದ್ದು ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು, ಹಾಲು. ಸೊಪ್ಪು ತಂಪು, ಹಣ್ಣು ಶೀತ, ಕಾಳು ವಾಯು, ಮೀನು ನಂಜು ಎಂದು ಎಲ್ಲವನ್ನೂ ತಡೆದಿದ್ದರು. ಹಾಲಿನಲ್ಲಿಯೂ ತುಪ್ಪದಲ್ಲಿಯೂ ಬೇರೆ ಗುಣಗಳಿದ್ದರೂ ಕಬ್ಬಿಣವು ಇಲ್ಲವೆಂದೇ ಹೇಳಬೇಕು. ಇತ್ತ ಒಂದು ಬಸುರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣವು ಹೆಚ್ಚಾಗಿ ಬೇಕು. ಮೊಳೆಯೇ ಮೂರು ನಾಲ್ಕು ಗ್ರಾಮಿನದು ಎಂಬದನ್ನು ನೆನಸಿರಿ. ಹೆರಿಗೆಯಲ್ಲಿ ಹೋದ ರಕ್ತವು ಬೇರೆ.

ಹಾಗಾದರೆ ರಾಗಿಯಲ್ಲಿ ಕಬ್ಬಿಣವಿಲ್ಲವೋ? ಉಂಟು, 100 ಗ್ರಾಂ ರಾಗಿಯಲ್ಲಿ 4 ಮಿಲಿಗ್ರಾಮಿಗೂ ಮೇಲೆ, ಮತ್ತು ಎಲುಬಿಗೆ ಬೇಕಾದ ಸುಣ್ಣದ ಅಂಶವು ಸುಮಾರು 360 ಮಿಲಿಗ್ರಾಂ. ಆದರೆ ಕಾಳುಗಳ ಸಿಪ್ಪೆಯಲ್ಲಿ ಫೈಟೇಟ್ ಎಂಬ ದ್ರವ್ಯವೂ ಒಗರಿನ ಅಂಶವೂ ಇದ್ದು, ಅವು ಕಬ್ಬಿಣವನ್ನು ಕಟ್ಟಿಹಾಕಿ ಗೋಡೆಯನ್ನು ದಾಟಗೊಡುವದಿಲ್ಲ. ನಮ್ಮ ಧಾನ್ಯದ ಊಟದ ಕಬ್ಬಿಣದಲ್ಲಿ ನೂರಕ್ಕೆ ಹತ್ತು ಪಾಲೂ ಹತ್ತುವದಿಲ್ಲ. ಉಳಿದದ್ದು ಬಂದ ದಾರಿಯಲ್ಲಿಯೇ ಹೋಗುತ್ತದೆ. ಕಟ್ಟನ್ನು ಬಿಚ್ಚುವ ಉಪಾಯಗಳು ನಮ್ಮ ಅಡಿಗೆಮನೆಯಲ್ಲಿಯೇ ಉಂಟು. ರಾಗಿಯನ್ನು ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕೂಸುಗಳ ರಾಗಿ ಸರಿಗೆ ನಮ್ಮ ಅಜ್ಜಿಯರು ಮೊದಲಿಂದಲೂ ಮಾಡುತ್ತಿದ್ದದ್ದು ಇದೇ. ಚೆಲುವಾಂಬ ವಿಲಾಸದ ಸಂಸ್ಥೆಯಲ್ಲಿಯೂ ರಾಗಿಯ ಮೊಳಕೆಯನ್ನು ಕುರಿತು ಬಹಳ ಪರೀಕ್ಷೆಗಳು ನಡೆದಿವೆ. ಊಟದ ಕೂಡ ನಿಂಬೆಯ ರಸ, ನೆಲ್ಲಿಕಾಯಿ, ಸೀಬೆಹಣ್ಣು ಇವುಗಳಲ್ಲಿ ಯಾವದಾದರೂ ಇದ್ದರೆ ಅದರ ಹುಳಿಯ ಸತ್ವವು ಕಬ್ಬಿಣವನ್ನು ಕೈಹಿಡಿದು ದಾಟಿಸುತ್ತದೆ. ಮೀನುಮಾಂಸಗಳ ಕಬ್ಬಿಣವು ಇದಕ್ಕಿಂತ ಸುಲಭವಾಗಿ ಹತ್ತುವಂಥದ್ದು. ಸ್ವಲ್ಪ ತಿಂದರೂ ಜೊತೆಯ ಕಾಳಿನ ಕಬ್ಬಿಣಕ್ಕೂ ಸಹಾಯ ಮಾಡುತ್ತದೆ. ಊಟವಾದ ಕೂಡಲೇ ಕಾಫಿಯನ್ನೋ ಟೀಯನ್ನೋ ಕುಡಿದರೆ ಒಳಗೆ ಬರುತ್ತಿದ್ದ ಕಬ್ಬಿಣವನ್ನೂ ಬಾಗಿಲಲ್ಲಿ ತಡೆದಂತೆ. ಮೈಸೂರಿನವರಿಗೆ ಕಾಫಿಯನ್ನು ಬಿಡಿರೆಂದು ಹೇಳಲು ನನಗೆ ಧೈರ್ಯವಿಲ್ಲ; ಒಂದು ಗಂಟೆ ತಡೆಯಿರಿ ಎನ್ನುತ್ತೇನೆ.

ಬಸುರಿಯರಿಗೆ ಸರಕಾರದವರು ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವುಂಟು. ಹೆರಿಗೆಗೆ ಮುಂಚೆ 180 ದಿವಸ, ಆದ ಮೇಲೆ 180 ದಿವಸ, ದಿನಕ್ಕೊಂದರಂತೆ ಎಂದು ಏರ್ಪಾಡು. ಆ ಮನೆಯಲ್ಲಿ ಮಾತ್ರೆಗಳ ಪಟ್ಟಿಗಳು ಕಪಾಟಿನ ಮೇಲೆ ಧೂಳು ಹಿಡಿದಿದ್ದವು. ಕಾರಣವನ್ನು ಕೇಳಿದರೆ, ಮಲವು ಕಪ್ಪಾಯಿತೆಂದು ಹೆದರಿ ಬಿಟ್ಟಳಂತೆ. ಹತ್ತದೆ ಉಳಿದ ಕಬ್ಬಿಣದ ಬಣ್ಣವದು, ಭಯಕ್ಕೆ ಕಾರಣವಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಸುಣ್ಣದ ಮಾತ್ರೆಯ ಅಥವಾ ಹಾಲಿನ ಕೂಡ ಮಾತ್ರ ನುಂಗಬಾರದು.

ಕಡೆಯಲ್ಲಿ ಗಾಳಿಯ ಗೋಡೆಯನ್ನೂ ಅನ್ನದ ಗೋಡೆಯನ್ನೂ ಎರಡನ್ನೂ ಕಂಡ ಒಬ್ಬ ಕಳ್ಳನ ಸುದ್ದಿ. ಕೊಕ್ಕೆಹುಳುವಿನ ಮರಿಗಳು ಮಲ ಬಿದ್ದ ತೇವದ ಮಣ್ಣಿನಲ್ಲಿ ಕಾದುಕೊಂಡಿದ್ದು, ಬರಿಗಾಲಿನವರ ಚರ್ಮವನ್ನು ಕೊರೆದು ಒಳಗೆ ಬರುತ್ತವೆ. ಆಗ ಕಾಲ್ಬೆರಳ ಸಂದಿಯಲ್ಲಿ ತುರಿ ಏಳುತ್ತದೆ, ಅಷ್ಟೇ. ರಕ್ತದೊಡನೆ ಹೃದಯಕ್ಕೂ ಅಲ್ಲಿಂದ ಶ್ವಾಸಕೋಶಕ್ಕೂ ಹೋಗಿ, ವಾಯುಕೋಶದ ಗೋಡೆಯನ್ನು ಒಡೆದು ಗಾಳಿಕೊಳವೆಯಲ್ಲಿ ಮೇಲೇರಿ ಗಂಟಲಿಗೆ ಬರುತ್ತವೆ. ನಾವು ಅರಿಯದೆ ನುಂಗುತ್ತೇವೆ. ಸಣ್ಣ ಕರುಳನ್ನು ಸೇರಿ ಕುಚ್ಚುಗಳನ್ನು ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತವೆ. ಒಂದು ಜಾತಿಯದು ದಿನಕ್ಕೆ ಅರ್ಧ ಹನಿಯಷ್ಟು, ಇನ್ನೊಂದು ಮೂರು ನಾಲ್ಕು ಹನಿ. ನೂರು ಹುಳುಗಳಿದ್ದರೆ ನೀವು ತಿಂದ ಕಬ್ಬಿಣವು ಯಾರ ಮೈಗೆ ಹತ್ತಿತೆಂದು ಹೇಳಬೇಕಾಗಿಲ್ಲ. ಕಾಲಿಗೆ ಮೆಟ್ಟು, ಮನೆಗೆ ಪಾಯಿಖಾನೆ, ವೈದ್ಯರು ಕೊಡುವ ಒಂದು ಗುಳಿಗೆ, ಇವು ಅದಕ್ಕೆ ಶತ್ರುಗಳು. 2015ರಿಂದ ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಆ ಗುಳಿಗೆಯನ್ನು ಕೊಡುವ ದಿನವೊಂದು ದೇಶದಲ್ಲೆಲ್ಲಾ ನಡೆಯುತ್ತಿದೆ. ಆ ದಿವಸ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ. ಬಸುರಿಯರಿಗೂ ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳೊಳಗೆ ವೈದ್ಯರು ಅದನ್ನು ಕೊಡುತ್ತಾರೆ, ಅದಕ್ಕೆ ಮುಂಚೆ ಕೊಡುವದಿಲ್ಲ.

ಮೂರು ತಿಂಗಳ ಮೇಲೆ ಆ ಮನೆಗೆ ಹೋದೆನು. ಆಸ್ಪತ್ರೆಯ ಚೀಟಿಯಲ್ಲಿ ಅಳತೆಯು 11ನ್ನು ದಾಟಿತ್ತು. ಕೂಸು ಕೈಕಾಲು ಬಡಿಯುತ್ತಾ ಮಲಗಿತ್ತು. ಅಗ್ಗಿಷ್ಟಿಕೆಯು ಜಗಲಿಯ ಮೇಲಿತ್ತು, ಅದರಲ್ಲಿ ಅಜ್ಜಿಯವರು ಜೋಳದ ತೆನೆಯನ್ನು ಸುಡುತ್ತಿದ್ದರು. ಕಿಟಕಿ ತೆರೆದಿದೆಯೋ ಎಂದು ನಾನು ಕಣ್ಣು ಹಾಯಿಸಿದ್ದನ್ನು ಕಂಡು, "ತೆರೆದಿದೆ ಅಯ್ಯನವರೇ, ತೆರೆದಿದೆ. ಆದರೆ ಸಂಜೆ ಸೊಳ್ಳೆ ಬರುವ ಹೊತ್ತಿಗೆ ಮುಚ್ಚುತ್ತೇನೆ, ಆಗ ಬಂದು ನನ್ನ ಕೂಡ ಜಗಳ ಮಾಡಬೇಡಿ" ಎಂದು ಒಂದು ತೆನೆಯನ್ನು ನನ್ನ ಕೈಗೆ ಕೊಟ್ಟರು. ಮೇಲೆ ನಿಂಬೆಹಣ್ಣನ್ನು ಉಜ್ಜಿದ್ದರು.